ಅಲಾರ್ಮ್ ಹೊಡೆದರೆ ಬರುವವರು ಯಾರು ಮಾರಾಯ್ರೆ?

ನಮ್ಮ ಉಡುಪಿ ಕಡೆ ಕಳ್ಳತನದ ಮಾತು ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಬೀಗ ಹಾಕಿದ ಮನೆ. ಮುಂಬಯಿಯಲ್ಲೋ ದುಬೈಯಲ್ಲೋ ಇರುವವರ ಮನೆ, ವರ್ಷಕ್ಕೊಮ್ಮೆ ನೇಮಕ್ಕೋ ಮದುವೆಗೋ ಬಾಗಿಲು ತೆರೆಯುವ ಮನೆ. ಪೊಲೀಸರು ಪ್ರತಿ ರಜೆಯಲ್ಲಿ ಹೇಳುವುದೂ ಅದನ್ನೇ. ಊರು ಬಿಟ್ಟು ಹೋಗುವಾಗ ಠಾಣೆಗೆ ತಿಳಿಸಿ, ಚಿನ್ನ ಲಾಕರಿನಲ್ಲಿಡಿ. ಸರಿಯೇ. ಆದರೆ ಇವತ್ತು ನಾನು ಬರೆಯಹೊರಟದ್ದು ಬೀಗ ಹಾಕದ ಮನೆಯ ಬಗ್ಗೆ. ಒಳಗೆ ಜನ ಮಲಗಿರುವ ಮನೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಎಪ್ಪತ್ತು ದಾಟಿದ ಅಪ್ಪ ಅಮ್ಮ ಇಬ್ಬರೇ, ಇಲ್ಲವೇ ಅಮ್ಮ ಒಬ್ಬರೇ ಇರುವ ಮನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ತುಂಬಾ ಜನರಿಗೆ ಅಂಥದ್ದೊಂದು ಮನೆ ಕಾಪುವಿನಲ್ಲೋ ಕಾರ್ಕಳದಲ್ಲೋ ಉಂಟು ಅಂತ ನನಗೆ ಗೊತ್ತು. :)

ಖಾಲಿ ಮನೆಗೆ ಬಂದ ಕಳ್ಳ ಕೊಂಡು ಹೋಗುವುದು ಚಿನ್ನ, ದುಡ್ಡು. ಜನ ಇರುವ ಮನೆಗೆ ನುಗ್ಗಿದವನ ಕತೆ ಬೇರೆ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಆಸುಪಾಸಿನಲ್ಲೇ ನಡೆದದ್ದನ್ನು ನೆನಪು ಮಾಡಿಕೊಳ್ಳಿ. 2024ರ ಜೂನ್ 21ರಂದು ಮಂಗಳೂರು ಹೊರವಲಯದ ಉಳಾಯಿಬೆಟ್ಟುವಿನಲ್ಲಿ ಒಬ್ಬ ಕಂಟ್ರಾಕ್ಟರರ ಮನೆಗೆ ಮುಸುಕು ಹಾಕಿದ ತಂಡ ನುಗ್ಗಿತು. ಅದು ನಡುರಾತ್ರಿ ಕೂಡಾ ಅಲ್ಲ, ರಾತ್ರಿ ಎಂಟರ ಆಸುಪಾಸು, ನಾವೆಲ್ಲ ಟಿವಿ ನೋಡುವ ಹೊತ್ತು. ಅದಾಗಿ ಮೂರು ವಾರ ಆಗುವ ಮೊದಲೇ, ಜುಲೈ 9ರ ಬೆಳಗಿನ ಜಾವ, ಉರ್ವದ ಕೋಟೆಕಣಿಯಲ್ಲಿ 'ಚಡ್ಡಿ ಗ್ಯಾಂಗ್' ಕಿಟಕಿಯ ಸರಳು ಕತ್ತರಿಸಿ ಒಳಗೆ ಬಂತು. ಮನೆಯಲ್ಲಿದ್ದ ವಯಸ್ಸಾದ ದಂಪತಿಗೆ ಹೊಡೆದು, ದೋಚಿ, ಅವರದೇ ಕಾರಿನಲ್ಲಿ ಹೋಯಿತು. ಪೊಲೀಸರು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ನಾಲ್ವರನ್ನೂ ಹಿಡಿದರು, ಅದು ಮೆಚ್ಚಬೇಕಾದ ಕೆಲಸ. ಆದರೆ ಪೆಟ್ಟು ತಿಂದವರು ಆಗಲೇ ಪೆಟ್ಟು ತಿಂದಾಗಿತ್ತು.

2025ರ ಜನವರಿ 3ರಂದು ಬಂಟ್ವಾಳ ತಾಲೂಕಿನ ಬೋಳಂತೂರಿನಲ್ಲಿ ಇನ್ನೊಂದು ತರಹ. ಇ.ಡಿ. ಅಧಿಕಾರಿಗಳು ಅಂತ ಹೇಳಿಕೊಂಡು ಬಂದವರು ಬೀಡಿ ಉದ್ಯಮಿಯ ಮನೆಯೊಳಗೆ ಧೈರ್ಯವಾಗಿ ಮುಂಬಾಗಿಲಿನಿಂದಲೇ ಹೋಗಿ, ಎಲ್ಲರ ಮೊಬೈಲ್ ತೆಗೆದಿಟ್ಟುಕೊಂಡು, ಹುಡುಕಾಟದ ನಾಟಕ ಮಾಡಿ ಸುಮಾರು 30 ಲಕ್ಷ ರೂಪಾಯಿ ಕೊಂಡುಹೋದರು. ಆಮೇಲೆ ಆ ಪ್ರಕರಣದಲ್ಲಿ ಕೇರಳದ ಒಬ್ಬ ಎಎಸ್‌ಐಯೂ ಬಂಧನಕ್ಕೊಳಗಾದ. ಇನ್ನು ನಮ್ಮ ಉಡುಪಿಯ ನೇಜಾರು. 2023ರ ನವೆಂಬರ್ 12, ದೀಪಾವಳಿ, ಭಾನುವಾರ ಬೆಳಿಗ್ಗೆ. ರಿಕ್ಷಾದಲ್ಲಿ ಬಂದವನೊಬ್ಬ ಮನೆಯೊಳಗೆ ಹೋಗಿ ತಾಯಿಯನ್ನೂ ಮೂವರು ಮಕ್ಕಳನ್ನೂ ಕೊಂದ. ಅಲ್ಲಿ ಕಳ್ಳತನದ ಉದ್ದೇಶವೇ ಇರಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಆದರೆ ಅದಾದ ಮೇಲೆ ಉಡುಪಿಯಲ್ಲಿ ಎಷ್ಟೋ ಮನೆಗಳ ಗೇಟಿಗೆ ಹಗಲಲ್ಲೂ ಚಿಲಕ ಬೀಳತೊಡಗಿತು, ಅದನ್ನು ನಾನೇ ಕಂಡಿದ್ದೇನೆ.

ಇಂಥ ಪ್ರತಿಯೊಂದು ಸುದ್ದಿಯ ಹಿಂದೆಯೇ ಮಾರುವವರು ಬರುತ್ತಾರೆ. ವಾಟ್ಸಾಪಿನಲ್ಲಿ ಪೋಸ್ಟರು, ಪೇಪರಿನೊಳಗೆ ಕರಪತ್ರ, 'ನಾಲ್ಕು ಕ್ಯಾಮರಾ, ಮೊಬೈಲಿನಲ್ಲೇ ಮನೆ ನೋಡಿ'. ಬೆಂಗಳೂರಿನಲ್ಲಿರುವ ಮಗ ಹಾಕಿಸಿಬಿಡುತ್ತಾನೆ. ಸಿಲ್ಕ್ ಬೋರ್ಡ್ ಜಂಕ್ಷನಿನಲ್ಲಿ ನಿಂತು ಅಮ್ಮ ಅಂಗಳ ಗುಡಿಸುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾನೆ. ತಪ್ಪು ಅಂತ ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ. ರಾತ್ರಿ ಮೂರೂವರೆಗೆ ಆ ಮೊಬೈಲ್ ಯಾರ ಕೈಯಲ್ಲಿರುತ್ತದೆ? ಕ್ಯಾಮರಾ ಆದದ್ದನ್ನು ತೋರಿಸುತ್ತದೆ. ಬೆಳಿಗ್ಗೆ ಪೊಲೀಸರಿಗೆ ಅದು ಬೇಕೇ ಬೇಕು. ರಾತ್ರಿ ಒಳಗಿದ್ದವರಿಗೆ ಬೇಕಾಗಿದ್ದದ್ದು ಎಚ್ಚರ, ಮತ್ತು ಯಾರಾದರೂ ಬರುವುದು.

ಅಲಾರ್ಮ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದವರು ಹಾರಿಸಿ ಮುಂದೆ ಹೋಗಬಹುದು. ಬಾಗಿಲು ಕಿಟಕಿಗಳ ಅಂಚಿಗೆ ಒಂದು ಆಯಸ್ಕಾಂತ, ಎದುರಿಗೆ ಒಂದು ಸಣ್ಣ ಸ್ವಿಚ್ಚು. ಬಾಗಿಲು ತೆರೆದರೆ ಎರಡೂ ದೂರವಾಗಿ ಪ್ಯಾನೆಲ್‌ಗೆ ಸುದ್ದಿ ಹೋಗುತ್ತದೆ. ಕೋಣೆಯ ಮೂಲೆಯಲ್ಲಿ ಮೈಬಿಸಿಯ ಚಲನೆ ಗುರುತಿಸುವ ಸೆನ್ಸರ್. ಒಂದು ಸೈರನ್. ಕರೆಂಟು ಹೋದರೆ ಅಂತ 12 ವೋಲ್ಟಿನ ಬ್ಯಾಟರಿ. ಫೋನ್ ಮಾಡಲು ಒಂದು ಸಿಮ್. 'ಮಾನಿಟರಿಂಗ್' ಇದ್ದರೆ ಆ ಸುದ್ದಿ ಯಾವುದೋ ಊರಿನ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಇಪ್ಪತ್ತನಾಲ್ಕು ಗಂಟೆ ಕೂತವರು ಮನೆಗೆ ಫೋನ್ ಮಾಡಿ ವಿಚಾರಿಸಿ, ಸಂಶಯ ಬಂದರೆ ಪಟ್ಟಿಯಲ್ಲಿರುವವರಿಗೆ, ಪೊಲೀಸರಿಗೆ ತಿಳಿಸುತ್ತಾರೆ. ಇದೇನೂ ಹೊಸ ಕಲ್ಪನೆಯಲ್ಲ. ಬೋಸ್ಟನ್ನಿನ ಎಡ್ವಿನ್ ಹೋಮ್ಸ್ ಎಂಬಾತ 1850ರ ದಶಕದ ಕೊನೆಯಲ್ಲೇ ವಿದ್ಯುತ್ ಅಲಾರ್ಮ್ ಮಾರಲು ಶುರುಮಾಡಿದ್ದ, ಆಮೇಲೆ ಅದಕ್ಕೆ ಕೇಂದ್ರವನ್ನೂ ಕಟ್ಟಿದ.

ಜನ ಇರುವ ಮನೆಗೆ ಇದರಲ್ಲಿ ಮುಖ್ಯವಾದದ್ದು ಒಂದೇ. ಪ್ಯಾನೆಲ್‌ನಲ್ಲಿ ಎರಡು ಬಗೆ ಇರುತ್ತದೆ, ಮನೆ ಖಾಲಿ ಇರುವಾಗ ಹಾಕುವುದು ಒಂದು, ಮಲಗುವಾಗ ಹಾಕುವುದು ಇನ್ನೊಂದು. ಮಲಗುವಾಗಿನದರಲ್ಲಿ ಒಳಗಿನ ಚಲನೆಯ ಸೆನ್ಸರುಗಳು ಸುಮ್ಮನಿರುತ್ತವೆ, ಬಾಗಿಲು ಕಿಟಕಿ ಮಾತ್ರ ಕಾವಲು ಕಾಯುತ್ತವೆ. ರಾತ್ರಿ ಬಚ್ಚಲಿಗೆ ಎದ್ದರೆ ಬೊಬ್ಬೆ ಹಾಕುವುದಿಲ್ಲ. ಮಾರುವವರು ಇದನ್ನು ಕಲಿಸದೆ ಹೋದರೆ ಎರಡನೇ ರಾತ್ರಿಯೇ ಅಪ್ಪ ಅದನ್ನು ಆಫ್ ಮಾಡುತ್ತಾರೆ, ಮತ್ತೆ ಆನ್ ಆಗುವುದಿಲ್ಲ. ಎಷ್ಟು ಮನೆಗಳ ಗೋಡೆಯಲ್ಲಿ ಹೀಗೆ ಸತ್ತ ಪೆಟ್ಟಿಗೆ ನೇತಾಡುತ್ತಿದೆಯೋ!

ಈಗ ನಮ್ಮ ಮನೆಗಳ ವಿಷಯಕ್ಕೆ ಬನ್ನಿ. ಈ ಸಾಮಾನುಗಳನ್ನು ಮಾಡಿದವರು ಹೆಂಚಿನ ಮಾಡು ನೋಡಿದವರಲ್ಲ. ಅಜ್ಜಿ ಹೇಳುತ್ತಿದ್ದ ಕಳ್ಳರ ಕತೆಯಲ್ಲೆಲ್ಲ ಕಳ್ಳ ಬರುವುದು ಮೇಲಿಂದ, ಎರಡು ಹೆಂಚು ಸರಿಸಿ. ಮುಂದೆ ಆರ್‌ಸಿಸಿ ಕಟ್ಟಿ ಹಿಂದೆ ಹಳೆಯ ಹೆಂಚಿನ ಭಾಗ ಉಳಿಸಿಕೊಂಡ ಮನೆಗಳು ಕಾಪು, ಶಿರ್ವ, ಬೆಳ್ಮಣ್, ಕಾರ್ಕಳ ಎಲ್ಲ ಕಡೆ ಇವೆ. ಮುಂಬಾಗಿಲಿಗೆ ಭಾರೀ ಬೀಗ, ಅದಕ್ಕೊಂದು ಸೆನ್ಸರ್, ಹಿಂದಿನ ಮಾಡಿಗೆ ಏನೂ ಇಲ್ಲ. ಅಂಥ ಮನೆಯಲ್ಲಿ ಕಾಯಬೇಕಾದದ್ದು ಹೆಂಚಿನ ಭಾಗದಿಂದ ಮಲಗುವ ಭಾಗಕ್ಕೆ ಬರುವ ನಡುಬಾಗಿಲು. ಅದಕ್ಕೆ ಗಟ್ಟಿ ಅಗುಳಿ, ಒಂದು ಸೆನ್ಸರ್, ಮತ್ತು ಹೆಂಚಿನ ಭಾಗದೊಳಗೆ ರಾತ್ರಿಯೂ ಎಚ್ಚರವಿರುವ ಒಂದು ಚಲನೆಯ ಸೆನ್ಸರ್. ಕಂಪನಿಯವರು ಬಂದಾಗ ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಆಮೇಲೆ ನಮ್ಮ ಮಳೆ. ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಜಿಲ್ಲೆ ಇದು. ಆಷಾಢದಲ್ಲಿ ಮಾಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದ ಕೋಣೆಯವರು ಕರೆದರೇ ಕೇಳುವುದಿಲ್ಲ, ಇನ್ನು ನೆರೆಮನೆಗೆ ಸೈರನ್ ಕೇಳುವುದೇ? ಕರೆಂಟು ಹೋದರೆ ರಾತ್ರಿಯಿಡೀ ಇಲ್ಲ. ಇನ್ವರ್ಟರ್ ಇಳಿದರೆ ವೈಫೈ ಸತ್ತಿತು, ವೈಫೈ ನಂಬಿದ ಅಲಾರ್ಮ್ ಕೂಡ ಸತ್ತಿತು. ಆದ್ದರಿಂದ ಸಿಮ್ ಬೇಕೇ ಬೇಕು. ಆದರೆ ಹಳೆಯ ಪ್ಯಾನೆಲ್‌ಗಳು 2ಜಿ ಮೇಲೆ ಓಡುವಂಥವು, ಜಿಯೋ ಸಿಮ್ ಹಾಕಿದರೆ ಅವು ಮಾತಾಡುವುದಿಲ್ಲ. ಇನ್ನೊಂದು, ಆ ಸಿಮ್ಮಿಗೆ ರೀಚಾರ್ಜ್ ಮಾಡುವವರು ಯಾರು? ಗೋಡೆಯೊಳಗಿನ ಸಿಮ್ ಯಾರಿಗೆ ನೆನಪಿರುತ್ತದೆ ಹೇಳಿ. ಕಡಲ ಬದಿಯ ಉಪ್ಪುಗಾಳಿಗೆ ಹೊರಗಿನ ಸೈರನ್ನಿನ ತಿರುಪುಗಳು ತುಕ್ಕು ಹಿಡಿಯುತ್ತವೆ. ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಡಿಲು ಹೊಡೆಯುವ ಏಪ್ರಿಲ್ ಮೇ, ಅಕ್ಟೋಬರ್ ತಿಂಗಳುಗಳ ಬಗ್ಗೆ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಅಂದ ಹಾಗೆ, ಹಲ್ಲಿ. ನಮ್ಮ ಕಡೆ ಅಲಾರ್ಮಿನ ದೊಡ್ಡ ಶತ್ರು ಹಲ್ಲಿ. ನಾಯಿ ಬೆಕ್ಕು ಓಡಾಡಿದರೆ ಸುಮ್ಮನಿರುವ ಸೆನ್ಸರ್ ಉಂಟು ಅಂತ ಮಾರುವವರು ಹೇಳುತ್ತಾರೆ, ನಿಜ. ನೆಲದ ಮೇಲೆ ದೂರದಲ್ಲಿರುವ ಬೆಕ್ಕನ್ನು ಅದು ಬಿಟ್ಟುಬಿಡುತ್ತದೆ. ಸೆನ್ಸರಿನ ಮುಖದ ಮೇಲೆಯೇ ಹರಿದ ಹಲ್ಲಿ ಅದಕ್ಕೆ ಆನೆಯಷ್ಟು ದೊಡ್ಡದಾಗಿ ಕಾಣುತ್ತದೆ.

ನಮ್ಮ ಅಮ್ಮ ಇರುವುದು ಶಂಕರಪುರದ ಹತ್ತಿರ. ನಾನು ಮಣಿಪಾಲದಲ್ಲಿ, ಅರ್ಧ ಗಂಟೆಯ ದಾರಿ. ಅಮ್ಮ ಫ್ಲ್ಯಾಟಿಗೆ ಬರುವುದಿಲ್ಲ, ಯಾಕೆಂದರೆ ಅಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ಮಲ್ಲಿಗೆ ಇರುವ ಮನೆಯವರಿಗೆ ಗೊತ್ತು, ಬೆಳಕು ಹರಿಯುವ ಮೊದಲೇ ಎದ್ದು ಮೊಗ್ಗು ಕೊಯ್ಯಬೇಕು, ಕಟ್ಟಿ ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಮನೆಗೆ ಕಂಪನಿಯೊಂದರ ಅಲಾರ್ಮ್, ಜೊತೆಗೆ ಮಾನಿಟರಿಂಗ್ ಹಾಕಿಸಿದೆವು. ಹೆಸರು ಬೇಡ. ಒಂದು ಜೂನ್ ರಾತ್ರಿ ಹಿಂದಿನ ಜಗಲಿಯ ಸೆನ್ಸರಿಗೆ ಹಲ್ಲಿ ಹರಿದು ಸೈರನ್ ಕೂಗಿತು. ಕೇಂದ್ರದಿಂದ ಅಮ್ಮನಿಗೆ ಫೋನ್ ಬಂತು. ಅಲ್ಲಿಯವರೆಗೆ ಎಲ್ಲ ಕರಪತ್ರದಲ್ಲಿ ಬರೆದ ಹಾಗೆಯೇ. ಆದರೆ ಆ ಕಡೆಯವನು ಮಾತಾಡಿದ್ದು ಹಿಂದಿಯಲ್ಲಿ, ಕೇಳಿದ್ದು ಪಾಸ್‌ವರ್ಡ್!

ಅಮ್ಮನಿಗೆ ಗೊತ್ತಿರುವುದು ತುಳು ಮತ್ತು ಕನ್ನಡ. ಜೊತೆಗೆ, ಫೋನಿನಲ್ಲಿ ಯಾರಾದರೂ ಹಿಂದಿಯಲ್ಲಿ ಮಾತಾಡಿ ನಂಬರು ಕೇಳಿದರೆ ಹೇಳಬೇಡಿ, ಕಟ್ ಮಾಡಿ ಅಂತ ಮಕ್ಕಳು, ಬ್ಯಾಂಕಿನವರು, ಪೊಲೀಸರು ಎಲ್ಲ ಸೇರಿ ಕಲಿಸಿದ್ದಾರೆ. ಅಮ್ಮ ಕಟ್ ಮಾಡಿದರು. ಅವನು ಪುನಃ ಮಾಡಿದ, ಅಮ್ಮ ಪುನಃ ಕಟ್ ಮಾಡಿದರು. ಆಮೇಲೆ ನನಗೆ ಬಂತು. ನಾನು ಪಕ್ಕದ ಮನೆಯ ಪೊರ್ಬುಗಳಿಗೆ ಫೋನ್ ಮಾಡಿದರೆ ಅವರು ಎತ್ತಿದ್ದೇ "ನಾನು ನಿಮ್ಮ ಅಂಗಳದಲ್ಲೇ ಇದ್ದೇನೆ ಮಾರಾಯ್ರೆ, ಅಮ್ಮನಿಗೆ ಏನೂ ಆಗಲಿಲ್ಲ, ಬಾಗಿಲು ತೆಗೆಯುವುದಿಲ್ಲ ಅಂತ ಹೇಳ್ತಿದ್ದಾರೆ" ಅಂದರು. ಕೈಯಲ್ಲಿ ಟಾರ್ಚು, ಜೊತೆಗೆ ಮಗ, ಜೊತೆಗೆ ಅವರ ನಾಯಿ. ಆ ರಾತ್ರಿ ಮಳೆ ಬಿಟ್ಟಿದ್ದರಿಂದ ಅವರಿಗೆ ಕೇಳಿತ್ತು.

ಮರುದಿನ ನಾನು ಆ ಕಂಪನಿಗೆ ಫೋನ್ ಮಾಡಿ ಎರಡೇ ಮಾತು ಕೇಳಿದೆ. ಒಂದು, ರಾತ್ರಿ ಕನ್ನಡ ಬಲ್ಲವರು ನಿಮ್ಮಲ್ಲಿ ಯಾರಿದ್ದಾರೆ? ಎರಡು, ನಿಮ್ಮವರು ಯಾರಾದರೂ ಮನೆಗೆ ಬರುತ್ತಾರಾ? ಮೊದಲನೆಯದಕ್ಕೆ 'ನೋಟ್ ಮಾಡಿಕೊಂಡಿದ್ದೇವೆ ಸರ್' ಅಂದರು. ಎರಡನೆಯದಕ್ಕೆ, ಸರ್ ನಾವು ತಿಳಿಸುವುದು ಮಾತ್ರ ಅಂದರು.

ನನ್ನ ತಕರಾರು ಇರುವುದು ಇಲ್ಲಿಯೇ. ಮಾನಿಟರಿಂಗ್ ಅಂತ ತಿಂಗಳು ತಿಂಗಳು ದುಡ್ಡು ಕೊಡುವ ನಮಗೆ ಯಾರೋ ಬಂದು ಕಾಪಾಡುತ್ತಾರೆ ಎಂಬ ಭಾವನೆ ಇರುತ್ತದೆ. ಹೆಚ್ಚಿನ ಕಡೆ ನಾವು ಕೊಳ್ಳುತ್ತಿರುವುದು ಒಂದು ಫೋನ್ ಕರೆಯನ್ನು. ಕರೆ ಬೇಡವೆನ್ನುವುದಿಲ್ಲ, ಆದರೆ ಅದು ಯಾವ ಭಾಷೆಯಲ್ಲಿ, ಯಾರಿಗೆ, ಯಾವ ಕ್ರಮದಲ್ಲಿ ಹೋಗುತ್ತದೆ ಎಂಬುದು ಸೆನ್ಸರಿಗಿಂತ ಮುಖ್ಯ. ಪೊಲೀಸರನ್ನು ದೂರುವುದೂ ಸುಲಭ. ಅವರ ಕಷ್ಟವನ್ನೂ ನೋಡಬೇಕು. ಅಲಾರ್ಮ್ ಮನೆಮನೆಗೆ ಇರುವ ಅಮೆರಿಕದಲ್ಲಿ ಪೊಲೀಸರಿಗೆ ಬರುವ ಅಲಾರ್ಮ್ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಳ್ಳು ಕರೆಗಳು. ಬೇಸತ್ತ ಸಾಲ್ಟ್ ಲೇಕ್ ಸಿಟಿಯ ಪೊಲೀಸರು 2000ರಲ್ಲಿ, ಯಾರಾದರೂ ಕಣ್ಣಾರೆ ಕಂಡು ಹೇಳದ ಹೊರತು ಬರೀ ಸೈರನ್ನಿಗೆ ಬರುವುದಿಲ್ಲ ಅಂತ ನಿಯಮವನ್ನೇ ಮಾಡಿಬಿಟ್ಟರು. ನಮ್ಮ ಹಲ್ಲಿಗಳ ಲೆಕ್ಕ ಹಿಡಿದರೆ ಶಿರ್ವ ಠಾಣೆಯವರ ಗತಿ ಏನು ಯೋಚಿಸಿ.

ಹಾಗಾಗಿ ಕ್ಯಾಮರಾ ಮತ್ತು ಅಲಾರ್ಮ್ ಸೇರಿದಾಗ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಸೆನ್ಸರ್ ಎಬ್ಬಿಸಬೇಕು, ಕ್ಯಾಮರಾ ಹಲ್ಲಿಯೋ ಮನುಷ್ಯನೋ ತೋರಿಸಬೇಕು, ನೋಡುವವನು ಎಚ್ಚರ ಇರಬೇಕು. ನಮ್ಮ ಜಿಲ್ಲೆಯಲ್ಲೇ ಕುಂದಾಪುರ ಕಡೆ ರಾತ್ರಿಯಿಡೀ ಕೂತು ಕ್ಯಾಮರಾ ನೋಡುವ ವ್ಯವಸ್ಥೆ ಬೆಳೆದಿದೆ, ಕಳ್ಳ ಒಳಗಿರುವಾಗಲೇ ಪೊಲೀಸರಿಗೆ ತಿಳಿದ ಸುದ್ದಿಗಳನ್ನು ಪೇಪರಿನಲ್ಲಿ ಓದಿದ್ದೇವೆ. ಇಂಥದ್ದು ಊರಿನವರೇ ಊರಿನಲ್ಲೇ ಕೂತು ಮಾಡುವ ಕೆಲಸವಾದರೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ. ನೂರಾರು ಮೈಲಿ ದೂರದಲ್ಲಿ ಕೂತವನಿಗೆ ಇನ್ನಂಜೆ ಯಾವುದು, ಕುರ್ಕಾಲು ಯಾವುದು ಎಂದು ಗೊತ್ತಾಗಬೇಕಾದರೆ ಬೆಳಗಾಗುತ್ತದೆ.

ನಮ್ಮ ಮನೆಯಲ್ಲಿ ಈಗ ಮಾಡಿರುವ ಏರ್ಪಾಡು ಹೇಳುತ್ತೇನೆ, ಇದು ಎಲ್ಲರಿಗೂ ಸರಿಹೋಗಬೇಕು ಅಂತ ಇಲ್ಲ. ಆ ಮಾನಿಟರಿಂಗ್ ಬಿಟ್ಟೆವು, ಪೆಟ್ಟಿಗೆ ಉಳಿಸಿಕೊಂಡೆವು. ಅಲಾರ್ಮ್ ಹೊಡೆದರೆ ಮೊದಲ ಕರೆ ಪೊರ್ಬುಗಳಿಗೆ, ಎರಡನೆಯದು ಎದುರಿನ ದೊಡ್ಡಮ್ಮನ ಮಗನಿಗೆ, ಮೂರನೆಯದು ನನಗೆ. 112ಕ್ಕೆ ಯಂತ್ರ ಕರೆ ಮಾಡುವುದು ಬೇಡ, ಮನುಷ್ಯರು ಮಾಡಲಿ ಅಂತ ತೀರ್ಮಾನ, ಅವರಿಗೆ ದಾರಿ ಹೇಳಲು ಬರುತ್ತದೆ. ಬದಲಿಗೆ ನಾವೂ ಪೊರ್ಬುಗಳ ಪಟ್ಟಿಯಲ್ಲಿದ್ದೇವೆ, ಅವರ ಮನೆಯ ಪ್ಯಾನೆಲ್ ಕೂಗಿದರೆ ಅಮ್ಮನ ಫೋನ್ ಬೊಬ್ಬೆ ಹೊಡೆಯುತ್ತದೆ. ಮುಂಚೆ ಇದಕ್ಕೆ ಫೋನ್ ಬೇಕಾಗಿರಲಿಲ್ಲ. ಗದ್ದೆಯ ಆ ಬದಿಯಿಂದ ಒಂದು ಕೂ ಹಾಕಿದರೆ ಈ ಬದಿಯಿಂದ ನಾಲ್ಕು ಜನ ದೊಣ್ಣೆ ಹಿಡಿದು ಓಡುತ್ತಿದ್ದರು. ಈಗ ಗದ್ದೆಯ ಆ ಬದಿಯಲ್ಲಿರುವುದು ಬೀಗ ಹಾಕಿದ ಎರಡಂತಸ್ತಿನ ಮನೆ.

ಅಮ್ಮನ ಮಂಚದ ಪಕ್ಕ ಒಂದು ಪ್ಯಾನಿಕ್ ಗುಂಡಿ, ಇನ್ನೊಂದು ಅಡುಗೆಮನೆಯಲ್ಲಿ. ಮೂರನೆಯದು ಮಲ್ಲಿಗೆ ಕೊಯ್ಯುವಾಗ ಕುತ್ತಿಗೆಗೆ ಹಾಕಿಕೊಳ್ಳುವಂಥದ್ದು. ನಿಜ ಹೇಳಬೇಕೆಂದರೆ ಜನ ಇರುವ ಮನೆಗೆ ನಾನು ಒಂದೇ ವಸ್ತು ಆರಿಸಬೇಕಾದರೆ ಕ್ಯಾಮರಾ ಅಲ್ಲ, ಈ ಗುಂಡಿಯನ್ನೇ ಆರಿಸುತ್ತೇನೆ. ಬೋಳಂತೂರಿನಲ್ಲಿ ಬಂದವರು ಬಾಗಿಲು ಮುರಿಯಲಿಲ್ಲ, ಬಾಗಿಲ ಸೆನ್ಸರ್ ಅಲ್ಲಿ ಏನು ಮಾಡುತ್ತಿತ್ತು? ಮೊಬೈಲನ್ನೂ ಕಿತ್ತುಕೊಂಡ ಮೇಲೆ ಉಳಿಯುವುದು ಮೇಜಿನ ಅಡಿಯಲ್ಲೋ ಮಂಚದ ಬದಿಯಲ್ಲೋ ಇರುವ ಗುಂಡಿ ಮಾತ್ರ. ಕೆಲವು ಪ್ಯಾನೆಲ್‌ಗಳಲ್ಲಿ ಇನ್ನೊಂದು ಉಪಾಯವೂ ಉಂಟು. ಬೆದರಿಸಿ ಅಲಾರ್ಮ್ ಆಫ್ ಮಾಡಿಸಿದರೆ ಬೇರೆಯೇ ಒಂದು ನಂಬರು ಒತ್ತಬಹುದು, ಆಫ್ ಆದಂತೆ ಕಾಣುತ್ತದೆ, ಒಳಗಿಂದೊಳಗೆ ಸುದ್ದಿ ಹೋಗುತ್ತದೆ. ಅಮ್ಮನಿಗೆ ಅದು ಬೇಡವೆಂದೆವು, ಆ ಹೊತ್ತಿಗೆ ಎರಡು ನಂಬರು ಯಾರಿಗೆ ನೆನಪಿರುತ್ತದೆ.

ಉಳಾಯಿಬೆಟ್ಟುವಿನ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ಆ ಕಂಟ್ರಾಕ್ಟರರ ಬಳಿಯೇ ಕೆಲಸಕ್ಕಿದ್ದವನು ಮಾಹಿತಿ ಕೊಟ್ಟಿದ್ದ ಅಂತ ಪೊಲೀಸರು ಹೇಳಿದರು. ಇದನ್ನು ಓದಿ ಮನೆಗೆಲಸದವರ ಮೇಲೆಲ್ಲ ಸಂಶಯಪಡುವವರಿದ್ದಾರೆ, ಹೋಂ ನರ್ಸ್ ಮಲಗುವ ಕೋಣೆಗೂ ಕ್ಯಾಮರಾ ಹಾಕಿಸಿದವರನ್ನು ನಾನು ಬಲ್ಲೆ. ಅದು ಅಸಹ್ಯ. ಅವಳೂ ಆ ಮನೆಯಲ್ಲಿ ವಾಸ ಇರುವವಳೇ ಅಲ್ವಾ, ರಾತ್ರಿ ಕಳ್ಳ ಬಂದರೆ ಪೆಟ್ಟು ತಿನ್ನುವುದು ಅವಳೂ. ಗುಂಡಿ ಒತ್ತುವುದನ್ನು ಅವಳಿಗೂ ಕಲಿಸಿದರೆ ಆಯಿತು. ಪಾಗಾರದಾಚೆಯ ಮನೆಯವರ ಬಚ್ಚಲು, ಬಾವಿಕಟ್ಟೆ ಕಾಣುವಂತೆ ಕ್ಯಾಮರಾ ತಿರುಗಿಸುವುದೂ ಹಾಗೆಯೇ. ರಾತ್ರಿ ಟಾರ್ಚು ಹಿಡಿದು ಓಡಿಬರಬೇಕಾದವರ ಜೊತೆ ಹಗಲು ಜಗಳ ಕಟ್ಟಿಕೊಂಡ ಹಾಗೆ.

ಮತ್ತೆ ಹಿಂಬಾಗಿಲಿನ ವಿಷಯ. ಬಚ್ಚಲೊಲೆಗೆ ಬೆಂಕಿ ಹಾಕಲು, ದನಕ್ಕೆ ಹುಲ್ಲು ಹಾಕಲು, ಹೂ ಕೊಯ್ಯಲು ಅಂತ ನಾಲ್ಕೂವರೆ ಐದಕ್ಕೆ ನಮ್ಮ ಹೆಂಗಸರು ಹಿಂಬಾಗಿಲು ತೆರೆದಿಟ್ಟು ಹೊರಗೆ ಹೋಗುತ್ತಾರೆ. ಹಿಂದೆ ಲೈಟ್ ಇಲ್ಲ. ಕೋಟೆಕಣಿಯಲ್ಲಿ ನುಗ್ಗಿದ್ದೂ ಅದೇ ಜಾವದಲ್ಲಿ ಅನ್ನುವುದನ್ನು ಮರೆಯಬೇಡಿ. ಅಲಾರ್ಮ್ ಆಫ್ ಮಾಡಿ, ಬಾಗಿಲು ತೆರೆದು, ಕತ್ತಲಲ್ಲಿ ಒಬ್ಬರೇ. ಇದಕ್ಕೆ ಯಾವ ಕಂಪನಿಯೂ ಏನನ್ನೂ ಮಾರುವುದಿಲ್ಲ, ಯಾಕೆಂದರೆ ಬೇಕಾಗಿರುವುದು ಹಿಂದಿನ ಅಂಗಳಕ್ಕೆ ಒಂದು ಒಳ್ಳೆಯ ಲೈಟು, ಹೊರಗೆ ಹೋಗುವಾಗ ಬಾಗಿಲು ಎಳೆದುಕೊಳ್ಳುವ ಅಭ್ಯಾಸ. ಅಮ್ಮನಿಗೆ ಲೈಟು ಹಾಕಿಸಿದ್ದು ಇಷ್ಟವಾಯಿತು, ಮೊಗ್ಗು ಚೆನ್ನಾಗಿ ಕಾಣುತ್ತದಂತೆ. ಬಾಗಿಲು ಎಳೆದುಕೊಳ್ಳುವುದಿನ್ನೂ ಅಭ್ಯಾಸವಾಗಿಲ್ಲ, ಪ್ರತಿ ಭಾನುವಾರ ಅದೇ ಚರ್ಚೆ.

ಕೇಳಬೇಕಾದದ್ದು ಒಂದಿದೆ. ಕಾರ್ಕಳದಾಚೆ ಈದು, ಮಾಳ, ಹೆಬ್ರಿ ಬದಿಯಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ತೋಟದ ಅಂತರ, ಮೊಬೈಲ್ ಸಿಗ್ನಲ್ ಹುಡುಕಲು ಗುಡ್ಡೆ ಹತ್ತಬೇಕು. ಅಲ್ಲಿ ಸಿಮ್ ಹಾಕಿದ ಪೆಟ್ಟಿಗೆ ಕೆಲಸಕ್ಕೆ ಬಾರದು, ಸೈರನ್ ಕೇಳಲು ನೆರೆಯವರೂ ಹತ್ತಿರವಿಲ್ಲ. ನಮ್ಮ ಅತ್ತೆಯ ಮನೆ ಅಂಥದ್ದು. ಫೈಬರ್ ಬಂದಿದೆ, ಆದರೆ ಮರ ಬಿದ್ದ ದಿನ ಅದೂ ಇಲ್ಲ. ಅಂಥ ಕಡೆ ಯಾರಾದರೂ ನಿಮ್ಮ ಮನೆಗೆ ಏನಾದರೂ ಮಾಡಿಸಿದ್ದೀರಾ? ಮಾಡಿಸಿದ್ದರೆ, ಮಳೆಗಾಲದಲ್ಲಿ ಅದು ಕೆಲಸ ಮಾಡಿತಾ? ದಯವಿಟ್ಟು ಬರೆದು ತಿಳಿಸಿ, ಜೂನ್ ಬರುವ ಮೊದಲು ಅತ್ತೆಯ ಮನೆಗೆ ಹೋಗಬೇಕಾಗಿದೆ.